ಮರಿಲಿಂಗಪ್ಪ ನೋಡಿದ ಮನೆಗಳು

ಶಹಾಪುರದ ಕಡೆ ಮನೆ ಕೊಳ್ಳುವವರು ಮೊದಲೆಲ್ಲ ಎರಡೇ ಸಂಗತಿ ನೋಡಿಸುತ್ತಿದ್ದರು. ಕಾಗದ ನೋಡಲು ವಕೀಲರು, ದಿಕ್ಕು ನೋಡಲು ಅಯ್ಯನವರು. ಗೋಡೆ ನೋಡಿಸುವ ರೂಢಿ ಇರಲಿಲ್ಲ. ಗೋಡೆ ಎದುರಿಗೇ ನಿಂತಿರುತ್ತದೆ, ಅದರಲ್ಲಿ ನೋಡಿಸುವುದೇನು? ಆದರೆ ಕೃಷ್ಣೆಯ ನೀರು ಕಾಲುವೆಗೆ ಬಂದು ಏಳೆಂಟು ವರ್ಷ ಕಳೆಯುವಷ್ಟರಲ್ಲಿ ನೆಟ್ಟಗೆ ನಿಂತ ಗೋಡೆಗಳೂ ಬಾಯಿ ಬಿಡತೊಡಗಿದವು. ಜೋಳ ಬೆಳೆಯುತ್ತಿದ್ದ ಎರೆ ಹೊಲಗಳಲ್ಲಿ ಈಗ ಭತ್ತದ ಗದ್ದೆಗಳು. ವರ್ಷದ ಬಹುಪಾಲು ನೆಲ ಹಸಿಯಾಗಿಯೇ ಇರುತ್ತಿತ್ತು. ಎರೆ ಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಕಾಲುವೆ ನಿಂತು ಬಿಸಿಲು ಬಿದ್ದರೆ ಕುಗ್ಗುತ್ತದೆ. ಮೇಲೆ ಕೂತ ಮನೆ ಅದರ ಜೊತೆಗೇ ಏಳಬೇಕು, ಇಳಿಯಬೇಕು. ಅದು ತಿಳಿದ ಮೇಲೆ ಜನ ಮರಿಲಿಂಗಪ್ಪನನ್ನು ಹುಡುಕಿಕೊಂಡು ಸಗರಕ್ಕೆ ಬರತೊಡಗಿದರು.

ಮರಿಲಿಂಗಪ್ಪ ಶಾಲೆ ಓದಿದವನಲ್ಲ. ಅಪ್ಪ ಅವ್ವ ಇಬ್ಬರೂ ಸಗರದ ಹೊಲಗಳಲ್ಲಿ ಕೂಲಿ ಮಾಡಿದವರು. ಇಪ್ಪತ್ತೈದರ ಹರೆಯದಲ್ಲಿ ಅವನು ಕಾಲುವೆಯ ಕೆಲಸಕ್ಕೆ ಹೋದ. ಒಂದು ವರ್ಷ ಮಣ್ಣು ಹೊತ್ತ, ಇನ್ನೊಂದು ವರ್ಷ ಕಲ್ಲು ಹೊತ್ತ. ಆಮೇಲೆ ಸುರಪುರದ ಮಸ್ತಾನಸಾಬ ಎಂಬ ಹಿರಿಯ ಗೌಂಡಿಯ ಕಣ್ಣಿಗೆ ಬಿದ್ದ. ಮಸ್ತಾನಸಾಬ ಹೆಚ್ಚು ಮಾತಿನವನಲ್ಲ. ಈ ಹುಡುಗ ಕಲ್ಲು ಇಳಿಸುವಾಗ ಎತ್ತಿ ಒಗೆಯದೆ ಮೆಲ್ಲಗೆ ಇಡುವುದನ್ನು ನೋಡಿ, ಕೈಗೆ ಕರಣಿ ಕೊಟ್ಟು ಪಕ್ಕದಲ್ಲಿ ಕೂರಿಸಿಕೊಂಡ. ಹತ್ತು ವರ್ಷ ಇಬ್ಬರೂ ಕಾಲುವೆಯ ಏರಿಗೆ ಕಲ್ಲು ಹಾಸಿದರು. ಒಂದೇ ಬುತ್ತಿ ಬಿಚ್ಚಿ ಉಂಡರು. ಮರಿಲಿಂಗಪ್ಪನಿಗೆ ಮಲಕಮ್ಮನನ್ನು ಗೊತ್ತು ಮಾಡಿದವನೂ ಮಸ್ತಾನಸಾಬನೇ.

ಗಾಜಿನ ಉಪಾಯ ಅವನು ಕಲಿತದ್ದೂ ಅಲ್ಲಿಯೇ. ಒಂದು ಸೇತುವೆಯ ಕಂಬದಲ್ಲಿ ಕೂದಲೆಳೆಯಷ್ಟು ಬಿರುಕು ಕಂಡಿತ್ತು. ಸಣ್ಣ ವಯಸ್ಸಿನ ಎಂಜಿನಿಯರ್ ಒಬ್ಬ ಬಂದು, ಬೆರಳಗಲದ ಗಾಜಿನ ತುಂಡೊಂದನ್ನು ಬಿರುಕಿನ ಮೇಲೆ ಅಡ್ಡ ಇಟ್ಟು ಎರಡೂ ತುದಿಗೆ ಸಿಮೆಂಟ್ ಮೆತ್ತಿಸಿದ. ಬಿರುಕು ಹಳೆಯದಾಗಿದ್ದರೆ ಗಾಜು ಹಾಗೇ ಇರುತ್ತದೆ, ಇನ್ನೂ ಬೆಳೆಯುತ್ತಿದ್ದರೆ ಗಾಜು ಒಡೆಯುತ್ತದೆ ಎಂದ. ಮೂರು ತಿಂಗಳ ಮೇಲೆ ಗಾಜು ಎರಡು ಹೋಳಾಗಿತ್ತು. ಮರಿಲಿಂಗಪ್ಪ ಅದನ್ನು ಬಹಳ ಹೊತ್ತು ನೋಡುತ್ತ ನಿಂತ. ಕಲ್ಲು ಅಲುಗಾಡುತ್ತದೆ, ಅದೂ ಯಾರ ಕಣ್ಣಿಗೂ ಬೀಳದಂತೆ, ಎಂಬುದು ಅವನಿಗೆ ಅಂದು ಮನದಟ್ಟಾಯಿತು.

ಕಾಲುವೆಯ ಕೆಲಸ ಮುಗಿದ ಮೇಲೆ ಅವನು ಶಹಾಪುರದಲ್ಲಿ ಮನೆ ಕಟ್ಟುವ ಕೆಲಸಕ್ಕೆ ನಿಂತ. ಊರು ಬೆಳೆಯುತ್ತಿತ್ತು. ಒಬ್ಬ ಗುತ್ತಿಗೆದಾರ ಊರ ಹೊರಗೆ, ಕಾಲುವೆಯ ತಗ್ಗಿಗೆ, ಎರೆ ಹೊಲವೊಂದನ್ನು ಕೊಂಡು ಸಾಲಾಗಿ ನಾಲ್ಕು ಮನೆ ಕಟ್ಟಿ ಮಾರಲು ಹೊರಟ. ದೊಡ್ಡ ಗೌಂಡಿ ಮರಿಲಿಂಗಪ್ಪನೇ. ಬುನಾದಿ ಮೂರು ಅಡಿ ಇಳಿದಾಗ ಗುತ್ತಿಗೆದಾರ, "ಸಾಕು, ಕಲ್ಲು ಹಾಕ್ರಿ" ಅಂದ.

"ಸಾಹುಕಾರ್ರ, ಇದು ಎರಿ ನೆಲ. ಕೆಳಗಿನ ಗಟ್ಟಿ ಗರಸು ಹತ್ತೋತನಕ ಇಳೀಬೇಕ್ರಿ. ಇಲ್ಲಿ ಏಳೆಂಟು ಅಡಿ ಆಗ್ತದ."

"ಏ ಮಾರಾಯ, ನೀ ಏನು ಕ್ವಾಟಿ ಕಟ್ಟಾಕ ಬಂದೀಯೋ, ಮನಿ ಕಟ್ಟಾಕ ಬಂದೀಯೋ? ನಿನ್ನಿಂದ ಆಗಂಗಿಲ್ಲಂದ್ರ ಹೇಳು, ಬ್ಯಾರೆ ಗೌಂಡಿ ಅದಾರ."

ಆಗ ಮಲಕಮ್ಮ ಬಸುರಿ. ಬೇರೆ ಕೆಲಸ ಕೈಯಲ್ಲಿರಲಿಲ್ಲ. ಮರಿಲಿಂಗಪ್ಪ ಕಲ್ಲು ಹಾಕಿದ. ನಾಲ್ಕೂ ಮನೆಗಳನ್ನು ಅಷ್ಟೇ ಆಳದ ಮೇಲೆ ಎಬ್ಬಿಸಿದ. ಗೋಡೆಗಳು ಮಾತ್ರ ಚೊಕ್ಕವಾಗಿ ಬಂದವು. ನೋಡಿದವರೆಲ್ಲ ಕೈಯನ್ನು ಹೊಗಳಿದರು.

ಅವುಗಳಲ್ಲಿ ಮೂರನೆಯದನ್ನು ಕೊಂಡವನು ಮಸ್ತಾನಸಾಬ. ಅಷ್ಟರಲ್ಲಿ ಸುಣ್ಣ ಸಿಡಿದು ಅವನ ಕಣ್ಣೆರಡೂ ಮಂಜಾಗಿದ್ದವು. ಮಗಳು ನಜೀಮಾ ಮತ್ತು ಅಳಿಯನಿಗೆ ಒಂದು ನೆಲೆಯಾಗಲಿ ಎಂದು, ಜೀವಮಾನದ ದುಡಿಮೆಯನ್ನೆಲ್ಲ ಆ ಮನೆಗೆ ಹಾಕಿದ. ಮರಿಲಿಂಗಪ್ಪನಿಗೆ ಸುದ್ದಿ ತಿಳಿದದ್ದು ಖರೀದಿ ಕಾಗದವಾದ ಮೇಲೆ. ಓಡಿ ಹೋದ. ಮುದುಕ ಗೋಡೆಯ ಮೇಲೆ ಅಂಗೈ ಆಡಿಸುತ್ತ ಕೂತಿದ್ದ.

"ನನಗ ಒಂದು ಮಾತು ಕೇಳಬೇಕಿತ್ತು ಉಸ್ತಾದ."

"ನೀ ಕಟ್ಟಿದ್ದದ. ಮತ್ತೇನು ಕೇಳೋದದ?" ಅಂದ ಮಸ್ತಾನಸಾಬ.

ಮರಿಲಿಂಗಪ್ಪ ಅಂದು ಹೇಳಬೇಕೆಂದಿದ್ದ ಮಾತನ್ನು ನುಂಗಿದ. ಎರಡು ವರ್ಷಕ್ಕೆ ಮಸ್ತಾನಸಾಬ ತೀರಿಕೊಂಡ. ಗೋಡೆ ಆಗಿನ್ನೂ ಬಿರುಕು ಬಿಟ್ಟಿರಲಿಲ್ಲ.

ಆ ನಾಲ್ಕು ಮನೆಗಳಾದ ಮೇಲೆ ಮರಿಲಿಂಗಪ್ಪ ಗುತ್ತಿಗೆದಾರರ ಕೈಕೆಳಗೆ ದುಡಿಯುವುದನ್ನು ಬಿಟ್ಟ. ಸಣ್ಣಪುಟ್ಟ ರಿಪೇರಿ ಮಾಡಿಕೊಂಡಿದ್ದ. ದೋರನಹಳ್ಳಿಯ ಹೆಡ್‌ಮಾಸ್ತರರೊಬ್ಬರು ಮನೆ ಕೊಳ್ಳುವ ಮುಂಚೆ ಅವನನ್ನು ಕರೆದೊಯ್ದು ತೋರಿಸಿದರು. ಅವನು ಬೇಡವೆಂದ. ಅವರು ಬಿಟ್ಟ ಮನೆಯ ಹಿತ್ತಲ ಗೋಡೆ ಮರುವರ್ಷವೇ ಹೊಟ್ಟೆ ಉಬ್ಬಿಸಿ ನಿಂತಿತು. ಅಂದಿನಿಂದ ಅವನ ಹೆಸರು ಹಬ್ಬಿತು. ಯಾದಗಿರಿ, ಸುರಪುರ, ಮುದನಾಳದಿಂದಲೂ ಕರೆ ಬಂದವು. ಬಸ್ಸಿನ ಚಾರ್ಜು, ಒಂದು ಹೊತ್ತಿನ ಊಟ. ಅದಕ್ಕಿಂತ ಹೆಚ್ಚು ಅವನು ಕೇಳುತ್ತಿರಲಿಲ್ಲ.

ಅವನು ಮನೆ ನೋಡುವ ರೀತಿಯೇ ಬೇರೆ. ಮೊದಲು ಹೊರಗೆ ಒಂದು ಸುತ್ತು ಬಂದು, ನೀರು ಎಲ್ಲಿಂದ ಹರಿದು ಬಂದು ಎಲ್ಲಿ ನಿಲ್ಲುತ್ತದೆಂದು ಗುರುತಿಸುತ್ತಿದ್ದ. ಗೋಡೆಯ ಬುಡಕ್ಕೆ ಕುಕ್ಕರಗಾಲಲ್ಲಿ ಕೂತು, ಉಗುರಿನಿಂದ ಸುಣ್ಣ ಕೆರೆದು ನಾಲಿಗೆಗೆ ಹಚ್ಚಿಕೊಳ್ಳುತ್ತಿದ್ದ. ಉಪ್ಪಾಗಿದ್ದರೆ ನೆಲದ ಸವಳು ಗೋಡೆಗೆ ಏರಿದೆ ಎಂದೇ. ಒಳಗೆ ಹೋಗಿ ಒಂದೊಂದು ಬಾಗಿಲನ್ನೂ ಎರಡೆರಡು ಸಲ ತೆಗೆದು ಮುಚ್ಚುತ್ತಿದ್ದ. ಬಾಗಿಲು ಬಿಗಿಯಾದರೆ ಚೌಕಟ್ಟು ಸರಿದಿದೆ, ಚೌಕಟ್ಟು ಸರಿದರೆ ಗೋಡೆ ಸರಿದಿದೆ. ನೆಲದ ಪರಸಿ ಕಲ್ಲುಗಳ ಮೇಲೆ ಬರಿಗಾಲಲ್ಲಿ ನಡೆದು, ಯಾವುದು ಎದ್ದಿದೆ ಯಾವುದು ಕೂತಿದೆ ಎಂದು ಪಾದದಲ್ಲೇ ಹೇಳುತ್ತಿದ್ದ. ಕೊನೆಗೆ ಬಿರುಕುಗಳ ಮೇಲೆ ಗಾಜು ಹಚ್ಚಿ, "ಕಾಲುವಿಗೆ ನೀರು ಬಿಟ್ಟು ಮೂರು ತಿಂಗಳಾಗಲಿ. ಆಮ್ಯಾಲ ಬರ್ತೀನಿ, ಅಲ್ಲೀತನಕ ಸಂಚಗಾರ ಕೊಡಬ್ಯಾಡ್ರಿ" ಎಂದು ಹೇಳಿ ಹೊರಡುತ್ತಿದ್ದ. ಮಾರುವವರು ಅವನನ್ನು ಕಂಡರೆ ಮುಖ ಗಂಟಿಕ್ಕುತ್ತಿದ್ದರು. ಕೊಳ್ಳುವವರಿಗೆ ಅವನ ಮಾತೇ ಪ್ರಮಾಣ.

ಹೀಗಿರುವಾಗ, ಬೇಸಿಗೆಯ ಒಂದು ದಿನ ನಜೀಮಾ ಸಗರಕ್ಕೆ ಬಂದಳು. ಅವಳ ಗಂಡ ಸುಲ್ತಾನಸಾಬನ ಎರಡೂ ಮೂತ್ರಪಿಂಡ ಕೆಟ್ಟಿದ್ದವು. ಸೊಲ್ಲಾಪುರಕ್ಕೆ ಒಯ್ಯಬೇಕಿತ್ತು. ಮನೆ ಮಾರದೆ ದಾರಿಯಿರಲಿಲ್ಲ.

"ಕಾಕಾ, ಹಿಂದಿನ ಗ್ವಾಡಿ ಬಿರುಕು ಬಿಟ್ಟದ. ಅಷ್ಟು ಮುಚ್ಚಿ ಕೊಡ್ರಿ. ನೋಡಾಕ ಬರೋರು ಅದನ್ನ ಕಂಡು ವಾಪಸ್ ಹೋಗಾಕತ್ತಾರ."

ಮರಿಲಿಂಗಪ್ಪ ಹೋಗಿ ನೋಡಿದ. ಕಿಟಕಿಯ ಮೂಲೆಯಿಂದ ಹೊರಟ ಬಿರುಕು ಮೆಟ್ಟಿಲು ಮೆಟ್ಟಿಲಾಗಿ ಬುಡದವರೆಗೂ ಇಳಿದಿತ್ತು. ಕಿರುಬೆರಳು ಒಳಗೆ ಹೋಗುತ್ತಿತ್ತು. ಇದು ಮುಚ್ಚುವ ಬಿರುಕಲ್ಲ, ಗೋಡೆಯನ್ನೇ ಇಳಿಸಿ ಕಟ್ಟಬೇಕು ಎಂದು ಅವನಿಗೆ ಅರಿವಾಯಿತು. ಒಳಗೆ ಹೊರಸಿನ ಮೇಲೆ ಸುಲ್ತಾನಸಾಬ ಮುಖ ಊದಿಕೊಂಡು ಮಲಗಿದ್ದ. ಮರಿಲಿಂಗಪ್ಪ ಏನೂ ಅನ್ನದೆ ಕಲ್ಲಿನ ಚೂರು ತುಂಬಿ, ಸಿಮೆಂಟ್ ಮೆತ್ತಿ, ಮೇಲೆ ಎರಡು ಸಲ ಸುಣ್ಣ ಬಳಿದ. ಉಸ್ತಾದನ ಮಗಳಿಗೆ ಇಷ್ಟನ್ನಾದರೂ ಮಾಡದಿದ್ದರೆ ಹೇಗೆ ಎಂದು ತನಗೆ ತಾನೇ ಹೇಳಿಕೊಂಡ.

ಎಂಟು ದಿನ ಕಳೆದಿರಲಿಲ್ಲ. ದೋರನಹಳ್ಳಿ ಶಾಲೆಯ ಟೀಚರ್ ಕರೆಮ್ಮ ಅವನ ಬಾಗಿಲಿಗೆ ಬಂದಳು. ಗಂಡ ಅಮರಪ್ಪ ಯಾದಗಿರಿಯಲ್ಲಿ ಗುಮಾಸ್ತ, ವಾರಕ್ಕೊಮ್ಮೆ ಬರುವವನು. ಅವಳು ಇಬ್ಬರು ಹೆಣ್ಣುಮಕ್ಕಳನ್ನೂ ತಾಯಿ ತಿಮ್ಮವ್ವನನ್ನೂ ಕಟ್ಟಿಕೊಂಡು ಹನ್ನೊಂದು ವರ್ಷದಲ್ಲಿ ಆರು ಬಾಡಿಗೆ ಮನೆ ಬದಲಿಸಿದ್ದಳು. ಓಣಿಯ ಹೆಸರು, ಕುಲದ ಹೆಸರು ಕೇಳಿ, ಬೀಗ ಹಾಕಿದ ಮನೆಯನ್ನೂ ಖಾಲಿ ಇಲ್ಲವೆಂದವರೇ ಹೆಚ್ಚು. ಈಗ ಸ್ವಂತದ್ದೊಂದು ಮನೆ ನೋಡಿದ್ದಳು.

"ಅಣ್ಣಾರ, ನಮಗ ಮನಿದ್ದು ಏನೂ ತಿಳಿಯಂಗಿಲ್ಲ. ನೀವು ನೋಡಿ ಹ್ಞೂಂ ಅಂದ್ರ ತಗೋತೀವಿ, ಊಂಹೂಂ ಅಂದ್ರ ಬಿಡ್ತೀವಿ."

"ಯಾವ ಮನಿ ತಂಗಿ?"

ಅವಳು ಗುರುತು ಹೇಳಿದಳು. ಅದು ನಜೀಮಾಳ ಮನೆಯೇ. ಜ್ವರವೆಂದು ಹೇಳಿ ತಪ್ಪಿಸಿಕೊಳ್ಳಬಹುದಿತ್ತು, ಆ ಯೋಚನೆಯೂ ಬಂತು. ಆದರೆ ಕಾಲು ಚಪ್ಪಲಿ ಮೆಟ್ಟಿಯಾಗಿತ್ತು.

ಮನೆಯ ಅಂಗಳದಲ್ಲಿ ತಿಮ್ಮವ್ವ ಆಗಲೇ ಬಂದು ನಿಂತಿದ್ದಳು. ಅವನನ್ನು ಕಂಡದ್ದೇ ತಡ, ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿ, "ಏ ತಮ್ಮಾ, ನೀ ಕಾಲುವಿ ಕ್ಯಾಂಪಿನಾಗ ಇದ್ದಿಲ್ಲೇನೋ? ಮಸ್ತಾನಸಾಬನ ಕೂಡ ಕಲ್ಲು ಇಡತಿದ್ದಿ. ನಾ ಮಣ್ಣಿನ ಬುಟ್ಟಿ ಹೊರಾಕಿ. ಈಕಿ ಆವಾಗ ಜೋಳಿಗ್ಯಾಗಿನ ಕೂಸು" ಅಂದಳು.

"ಹೌದವ್ವ, ಇದ್ದೆ."

"ನಡಿ ಹಂಗಾರ, ನಮ್ಮವನೇ ಸಿಕ್ಕಂಗಾತು. ನೋಡವ್ವ ಕರೆಮ್ಮ, ಇನ್ನ ನಾ ಚಿಂತಿ ಮಾಡಂಗಿಲ್ಲ."

ಮರಿಲಿಂಗಪ್ಪ ಎಂದಿನಂತೆ ಹೊರಗೆ ಸುತ್ತು ಬಂದ. ಬಾಗಿಲು ತೆಗೆದ, ಮುಚ್ಚಿದ. ಪರಸಿಯ ಮೇಲೆ ನಡೆದ. ಅಡುಗೆಮನೆಯ ಬಾಗಿಲಲ್ಲಿ ನಜೀಮಾ ಸೆರಗು ಕಚ್ಚಿಕೊಂಡು ನಿಂತಿದ್ದಳು. ಅವಳ ಕಡೆ ಅವನು ನೋಡಲಿಲ್ಲ. ಹಿಂದಿನ ಗೋಡೆಗೆ ಬಂದಾಗ ಸುಣ್ಣ ಹಾಲಿನಂತೆ ಹೊಳೆಯುತ್ತಿತ್ತು. ಅವನು ಕೆರೆಯಲಿಲ್ಲ, ನಾಲಿಗೆಗೆ ಹಚ್ಚಲಿಲ್ಲ.

ಕರೆಮ್ಮ ಸೂಕ್ಷ್ಮದ ಹೆಣ್ಣು. "ಗಾಜು ಹಚ್ಚಂಗಿಲ್ಲೇನ್ರಿ? ನಮ್ಮ ಹೆಡ್‌ಮಾಸ್ತರಿಗೆ ಹಚ್ಚಿ ಕೊಟ್ಟಿದ್ರಂತ" ಎಂದು ಕೇಳಿದಳು.

"ಬಿರುಕು ಇದ್ದಲ್ಲಿ ಹಚ್ಚೋದು ತಂಗಿ. ಇಲ್ಲೆಲ್ಲದ ಬಿರುಕು?"

"ಹಂಗಾರ ತಗೋಬೌದಾ?"

"ನಡೀತದ" ಅಂದ ಮರಿಲಿಂಗಪ್ಪ. "ಹಿಂದ ಗ್ವಾಡಿ ಬುಡಕ ನೀರು ನಿಲ್ಲದಂಗ ನೋಡ್ಕೊಳ್ರಿ, ಸಾಕು."

ಮನೆಗೆ ಹೋಗಿ ಅವನು ಮಲಕಮ್ಮನಿಗೆ ಎಲ್ಲ ಹೇಳಿದ. ಉಸ್ತಾದನ ಮಗಳ ಮುಖ ನೋಡಿ ಹಾಗೆ ಹೇಳಬೇಕಾಯಿತು ಅಂದ. ಮಲಕಮ್ಮ ಒಲೆಯ ಮುಂದಿನಿಂದ ತಿರುಗಿ, "ನಜೀಮಾನ ಮುಖ ನೋಡಿದ್ಯೋ, ನಾ ಕಟ್ಟಿದ್ದು ಕೆಟ್ಟದ ಅನ್ನಾಕ ನಾಲಿಗಿ ಏಳಲಿಲ್ಲೋ?" ಎಂದು ಕೇಳಿದಳು. ಅವನು ಎದ್ದು ಹೊರಗೆ ಹೋದ. ಆ ಪ್ರಶ್ನೆಯನ್ನು ಅವಳು ಮತ್ತೆ ಯಾವತ್ತೂ ಕೇಳಲಿಲ್ಲ. ಕೇಳುವ ಅಗತ್ಯವೂ ಇರಲಿಲ್ಲ.

ಕರೆಮ್ಮ ಮನೆ ಕೊಂಡಳು. ಗೋಡೆಗೆ ಬುದ್ಧನ ಪಟ, ಬಾಬಾಸಾಹೇಬರ ಪಟ ಹಾಕಿ, ಶಾಲೆಯವರಿಗೆಲ್ಲ ಹೋಳಿಗೆ ಊಟ ಹಾಕಿಸಿದಳು. ಮರಿಲಿಂಗಪ್ಪನಿಗೂ ಹೇಳಿ ಕಳಿಸಿದ್ದಳು. ಅವನು ಹೋಗಲಿಲ್ಲ. ಆಮೇಲೆ ಎರಡು ಮಳೆಗಾಲ, ಶಹಾಪುರಕ್ಕೆ ಹೋದಾಗಲೆಲ್ಲ ಆ ಓಣಿಗೆ ಹೋಗಿ ದೂರದಿಂದಲೇ ಗೋಡೆ ನೋಡಿ ಬರುತ್ತಿದ್ದ. ಸುಲ್ತಾನಸಾಬ ಸೊಲ್ಲಾಪುರದ ಆಸ್ಪತ್ರೆಯಲ್ಲಿ ಎಂಟು ತಿಂಗಳಿಗೇ ತೀರಿಕೊಂಡ. ನಜೀಮಾ ಸುರಪುರದ ಅಕ್ಕನ ಮನೆ ಸೇರಿದಳು. ಯಾವುದಕ್ಕಾಗಿ ಮರಿಲಿಂಗಪ್ಪ ಬಾಯಿ ಮುಚ್ಚಿದ್ದನೋ ಅದೂ ಉಳಿಯಲಿಲ್ಲ.

ಮೂರನೆಯ ವರ್ಷ, ಕಾಲುವೆಗೆ ನೀರು ಬಿಟ್ಟು ಇಪ್ಪತ್ತು ದಿನವಾಗಿತ್ತು. ನಾಲ್ಕು ದಿನ ಜಡಿ ಹಿಡಿದ ಮಳೆ ಐದನೆಯ ದಿನ ಬಿಟ್ಟು ಬೆಳಿಗ್ಗೆ ಎಳೆಬಿಸಿಲು ಬಿತ್ತು. ಕರೆಮ್ಮ ಶಾಲೆಗೆ ಹೋಗಿದ್ದಳು, ಮಕ್ಕಳೂ ಹೋಗಿದ್ದರು. ತಿಮ್ಮವ್ವ ಬಿಸಿಲು ಕಾಯಲೆಂದು ಹಿತ್ತಲಿಗೆ ಬಂದು, ಗೋಡೆಗೆ ಬೆನ್ನು ಕೊಟ್ಟು, ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಗೋಡೆ ಸದ್ದಿಲ್ಲದೆ ಬಾಗಿ ಒಮ್ಮೆಲೇ ಬಿತ್ತು. ನೆರೆಯವರು ಓಡಿ ಬಂದು ಕಲ್ಲು ಸರಿಸುವಷ್ಟರಲ್ಲಿ ಮುದುಕಿಯ ಉಸಿರು ನಿಂತಿತ್ತು.

ಸುದ್ದಿ ಸಗರದ ಚಹಾದಂಗಡಿಗೆ ಬಂದಾಗ ಮರಿಲಿಂಗಪ್ಪ ಬಸಿ ಕೆಳಗಿಟ್ಟು ಸೈಕಲ್ ಹತ್ತಿದ. ಹೆಣವನ್ನು ಅಂಗಳದಲ್ಲಿ ಮಲಗಿಸಿದ್ದರು. ಅವನು ಹಿತ್ತಲಿಗೆ ಹೋದ. ಬುನಾದಿ ಬಾಯಿ ತೆರೆದು ಬಿದ್ದಿತ್ತು, ಮೂರು ಅಡಿ ಕಲ್ಲು, ಅದರ ಕೆಳಗೆ ನೀರು ಕುಡಿದು ಬೆಣ್ಣೆಯಂತಾದ ಕರಿಮಣ್ಣು. ಅವನು ಮೆತ್ತಿದ್ದ ಸಿಮೆಂಟಿನ ಹಕ್ಕಳೆ ರೊಟ್ಟಿಯ ಹಾಗೆ ಅಖಂಡವಾಗಿ ಕಲ್ಲುಗಳ ಮೇಲೆ ಕೂತಿತ್ತು. ಪಂಚನಾಮೆಯಲ್ಲಿ, ಮಳೆಯ ನಿಮಿತ್ತ ಗೋಡೆ ಕುಸಿದು ವೃದ್ಧೆಯ ಸಾವು ಎಂದು ಬರೆದರು. ಯಾರೂ ಯಾರನ್ನೂ ಏನೂ ಕೇಳಲಿಲ್ಲ.

ಹದಿನೈದು ದಿನ ಬಿಟ್ಟು ಮರಿಲಿಂಗಪ್ಪ ಕರೆಮ್ಮನ ಎದುರಿಗೆ ಹೋಗಿ ನಿಂತ. ಅವಳು ಮತ್ತೆ ಒಂದು ಬಾಡಿಗೆ ಕೋಣೆ ಹಿಡಿದಿದ್ದಳು. ಕುರ್ಚಿ ತೋರಿಸಿದಳು. ಅವನು ಕೂರಲಿಲ್ಲ. ಮನೆ ಕಟ್ಟಿದವನು ತಾನೇ ಎಂದು, ಬುನಾದಿ ಆಳ ಇಲ್ಲದ್ದು ತನಗೆ ಗೊತ್ತಿತ್ತೆಂದು, ಬಿರುಕು ಮುಚ್ಚಿದ್ದೂ ತಾನೇ ಎಂದು ಒಂದೊಂದಾಗಿ ಹೇಳಿದ.

"ನಾ ಗಾಜಿನ ಮಾತು ಕೇಳಿದಾಗ ನಿಮಗ ಎಲ್ಲಾ ಗೊತ್ತಿತ್ತು."

"ಗೊತ್ತಿತ್ತವ್ವ."

"ನಮ್ಮವ್ವ ಎರಡು ವರ್ಷ ಬಂದೋರ ಮುಂದೆಲ್ಲ ನಿಮ್ಮ ಹೆಸರು ಹೇಳ್ತಿದ್ಲು. ನಮ್ಮವ ನೋಡಿ ಕೊಟ್ಟ ಮನಿ ಅಂತ."

ಆ ಗೋಡೆಯನ್ನು ಗರಸಿನಿಂದ ಎಬ್ಬಿಸಿ ಕಟ್ಟಿಕೊಡುತ್ತೇನೆ, ಒಬ್ಬನೇ ಆದರೂ ಸರಿ ಅಂದ ಮರಿಲಿಂಗಪ್ಪ.

"ಬ್ಯಾಡ" ಅಂದಳು ಕರೆಮ್ಮ. ದನಿ ಏರಿಸಲಿಲ್ಲ. "ನೀವು ಬಂದು ಹೇಳಿದ್ದು ನಿಮಗ ಹಗುರಾಗಲಿ ಅಂತ. ನನಗೇನೂ ಹಗುರಾಗಲಿಲ್ಲ. ಹೋಗಿ ಬರ್ರಿ."

ಅಮರಪ್ಪ ಮಾತ್ರ ಓಣಿಯ ತುದಿಯವರೆಗೂ ಹಿಂದೆ ಬಂದು ಬಾಯಿಗೆ ಬಂದಂತೆ ಬೈದ. ಬೈಗುಳ ಕೇಳಿದಾಗ ಮರಿಲಿಂಗಪ್ಪನಿಗೆ ಎಷ್ಟೋ ವಾಸಿ ಅನ್ನಿಸಿತು. ಆ ವರ್ಷವೇ ಕರೆಮ್ಮ ವರ್ಗ ಮಾಡಿಸಿಕೊಂಡು ಸುರಪುರದ ಕಡೆ ಹೋದಳು. ಮನೆ ಅರ್ಧ ಬಿದ್ದ ಹಾಗೆಯೇ ಉಳಿಯಿತು. ಅದರಲ್ಲಿ ಜಾಲಿ ಬೆಳೆಯಿತು.

ಇನ್ನು ಉಳಿದದ್ದು ಸಾಲಿನ ಮೂರು ಮನೆ. ಮರಿಲಿಂಗಪ್ಪ ಒಂದೊಂದರ ಬಾಗಿಲಿಗೂ ಹೋದ. ಮೊದಲನೆಯದಕ್ಕೆ ಬೀಗ ಬಿದ್ದು ವರ್ಷವಾಗಿತ್ತು. ಎರಡನೆಯ ಮನೆಯವರು, "ನಮ್ಮ ಮನಿ ರೇಟು ಇಳಿಸಾಕ ಯಾರು ಕಳಿಸ್ಯಾರ ನಿನ್ನ?" ಎಂದು ಬಾಗಿಲು ಹಾಕಿಕೊಂಡರು. ನಾಲ್ಕನೆಯದರಲ್ಲಿ ಬಸ್ ಕಂಡಕ್ಟರ್ ಆಗಿ ನಿವೃತ್ತನಾದ ದೇವಿಂದ್ರಪ್ಪ, ಅವನ ಹೆಂಡತಿ ಶಿವಬಸಮ್ಮ ಇದ್ದರು. ಅವರು ಒಳಗೆ ಕರೆದು ಕೂರಿಸಿ, ಪೂರ್ತಿ ಕೇಳಿದರು. ಗೋಡೆಗೆ ಗಾಜು ಹಚ್ಚಲು ಬಿಟ್ಟರು. ನೀರು ಬಿಟ್ಟ ಎರಡು ತಿಂಗಳಿಗೆ ಗಾಜು ಒಡೆಯಿತು. ಶಿವಬಸಮ್ಮ ಅಂದಿನಿಂದ ಅಡುಗೆಮನೆಯಲ್ಲಿ ಗೋಡೆಗೆ ಬೆನ್ನು ಹಾಕಿ ಕೂರಲು ಅಂಜಿದಳು. ಕೊನೆಗೆ ಇಬ್ಬರೂ ಮನೆಯನ್ನು ಮುದನಾಳದ ಒಬ್ಬ ಗೊಬ್ಬರದಂಗಡಿಯವನಿಗೆ, ಬರೀ ಜಾಗದ ಬೆಲೆಗೆ ಕೊಟ್ಟು, ಯಾದಗಿರಿಯಲ್ಲಿ ಬಾಡಿಗೆಗೆ ಹೋದರು. ಬಿರುಕಿನ ಸಂಗತಿಯನ್ನು ಕೊಳ್ಳುವವನಿಗೆ ಮುಚ್ಚದೆ ಹೇಳಿಯೇ ಕೊಟ್ಟರು. ಅವನು ನಕ್ಕು, "ನಾ ಅಂಥಾ ಮಾತು ನಂಬಂಗಿಲ್ರಿ" ಅಂದನಂತೆ.

ಆ ಮನೆ ಬೀಳಲಿಲ್ಲ. ಒಂದು ಮಳೆಗಾಲ ಹೋಯಿತು, ನಾಲ್ಕು ಹೋದವು, ಎಂಟು ಹೋದವು. ಎರಡನೆಯ ಮನೆಯೂ ಬೀಳಲಿಲ್ಲ. ದೇವಿಂದ್ರಪ್ಪ ಒಂದು ಸಲ ಯಾದಗಿರಿಯ ಬಸ್ ಸ್ಟ್ಯಾಂಡಿನಲ್ಲಿ ಮರಿಲಿಂಗಪ್ಪನನ್ನು ತಡೆದು ನಿಲ್ಲಿಸಿದ. ಶಿವಬಸಮ್ಮ ಅದೇ ವರ್ಷ ಬಾಡಿಗೆ ಮನೆಯಲ್ಲೇ ತೀರಿಕೊಂಡಿದ್ದಳು.

"ಏನಪಾ, ಇನ್ನಾ ನಿಂತದಲ್ಲ ನಮ್ಮ ಮನಿ? ಆಕಿ ಸಾಯೋ ಹೊತ್ತಿನಾಗೂ ನಮ್ಮ ಮನಿಗೆ ಒಯ್ರಿ ಅಂದ್ಲು. ಎಲ್ಲಿಗಿ ಒಯ್ಯಲಿ? ನೀ ಬಿಡಿಸಿದ್ದಿ."

"ಬೀಳ್ತದ ಅಂತ ನಾ ಹೇಳಿದ್ದಿಲ್ಲ ಯಪ್ಪಾ. ಬೀಳಬೌದು ಅಂದಿದ್ದೆ."

"ಹೋಗು, ಹೋಗು."

ಮರಿಲಿಂಗಪ್ಪನಿಗೆ ಮನೆ ನೋಡುವ ಕರೆಗಳು ಕಡಿಮೆಯಾದವು. ಕಾರಣ ಅವನೇ. ಯಾರೇ ಬರಲಿ, ಮೊದಲು ಕೂರಿಸಿ, ತಾನು ಕಟ್ಟಿದ ಮನೆಯ ಗೋಡೆ ಬಿದ್ದು ತಿಮ್ಮವ್ವ ಸತ್ತದ್ದನ್ನು, ತಾನು ಸುಳ್ಳಾಡಿದ್ದನ್ನು ಹೇಳಿ, "ಇಷ್ಟರ ಮ್ಯಾಲೂ ನನ್ನ ಮಾತು ಬೇಕಂದ್ರ ಬರ್ತೀನಿ" ಅನ್ನುತ್ತಿದ್ದ. ಅರ್ಧಕ್ಕರ್ಧ ಜನ ಎದ್ದು ಹೋಗುತ್ತಿದ್ದರು. ಉಳಿದವರ ಮನೆಗೆ ಹೋದರೆ ಹಿಂದಿಗಿಂತ ಎರಡರಷ್ಟು ಹೊತ್ತು ನೋಡುತ್ತಿದ್ದ. ಚೊಕ್ಕ ಮನೆಯನ್ನು ಕಂಡರೂ ತಗೊಳ್ಳಿ ಎನ್ನಲು ಅವನ ಬಾಯಿ ತಡವರಿಸುತ್ತಿತ್ತು. ಇವನಿಗೆ ಎಲ್ಲ ಗೋಡೆಯೂ ಬೀಳುವ ಗೋಡೆಯೇ ಎಂದು ಜನ ಆಡಿಕೊಂಡರು. ಮಲಕಮ್ಮ ನೊಂದು, "ಊರಾಗ ನಗಾಕತ್ತಾರ" ಎಂದಾಗ ಅವನು, "ನಗಲಿ ಬಿಡು. ನಗೋರು ಬದುಕಿ ಅದಾರಲ್ಲ" ಅಂದ.

ಕೊನೆಕೊನೆಗೆ ಅವನ ಪುಪ್ಪುಸ ಕೆಟ್ಟಿತು. ಮೂವತ್ತು ವರ್ಷ ನುಂಗಿದ ಕಲ್ಲಿನ ಧೂಳು, ಸಿಮೆಂಟಿನ ಧೂಳು. ನಾಲ್ಕು ಹೆಜ್ಜೆ ನಡೆದರೆ ನಿಂತು ಉಸಿರು ಎಳೆದುಕೊಳ್ಳಬೇಕಿತ್ತು. ಆ ಸ್ಥಿತಿಯಲ್ಲೂ ಒಂದು ದಿನ ಶಹಾಪುರದ ದವಾಖಾನೆಯಿಂದ ಹಿಂತಿರುಗುವಾಗ, ಮಲಕಮ್ಮ ಎಷ್ಟು ಬೇಡವೆಂದರೂ ಕೇಳದೆ, ಆಟೋವನ್ನು ಆ ಓಣಿಗೆ ತಿರುಗಿಸಿದ. ಗೊಬ್ಬರದಂಗಡಿಯವನು ನಾಲ್ಕನೆಯ ಮನೆಯ ಮೇಲೆ ಇನ್ನೊಂದು ಅಂತಸ್ತು ಏರಿಸುತ್ತಿದ್ದ. ಕೆಳಗೆ ಹೊಸ ಬಣ್ಣ ಬಳಿದಿದ್ದರು.

ಮರಿಲಿಂಗಪ್ಪ ಆಟೋದಿಂದ ಇಳಿದು, ಮಲಕಮ್ಮನ ಹೆಗಲು ಹಿಡಿದು, ಮೇಲೆ ಕೆಲಸ ಮಾಡುತ್ತಿದ್ದ ಗೌಂಡಿಯನ್ನು ಕರೆದ. "ತಮ್ಮಾ, ಬುನಾದಿ ಮೂರೇ ಅಡಿ ಅದ. ನಾನೇ ಹಾಕಿದ್ದು. ಮ್ಯಾಲ ಭಾರ ಹಾಕಬ್ಯಾಡ್ರೋ."

ಆ ಗೌಂಡಿ ಕರಣಿ ಹಿಡಿದುಕೊಂಡೇ ಬಗ್ಗಿ ನೋಡಿದ. "ಮಾಲಕರಿಗೆ ಹೇಳ್ರಿ ಅಜ್ಜಾ. ನಂದೇನದ?" ಅಂದು ಮತ್ತೆ ಕೆಲಸಕ್ಕೆ ತಿರುಗಿದ. ಮಾಲಕ ಅಂಗಡಿಯಲ್ಲಿದ್ದ. ಮರಿಲಿಂಗಪ್ಪ ಅಲ್ಲಿಗೂ ಹೋದ. ಅವನು ಗೌರವದಿಂದಲೇ ಚಹಾ ತರಿಸಿ ಕುಡಿಸಿ ಕಳಿಸಿದ.

ಅದಾಗಿ ನಲವತ್ತು ದಿನಕ್ಕೆ ಮರಿಲಿಂಗಪ್ಪ ತೀರಿಕೊಂಡ. ಸಗರದಲ್ಲಿ ಮಣ್ಣಾಯಿತು. ಮಣ್ಣಿಗೆ ಬಂದವರಲ್ಲಿ ಸುರಪುರದ ನಜೀಮಾ ಇದ್ದಳು. ಕರೆಮ್ಮ ಬರಲಿಲ್ಲ. ನಾಲ್ಕನೆಯ ಮನೆಯ ಮೇಲಂತಸ್ತು ಆ ದೀಪಾವಳಿಗೆ ಮುಗಿಯಿತು. ಈಗ ಅಲ್ಲಿ ಬಾಡಿಗೆಗೆ ಒಂದು ಕುಟುಂಬ ಇದೆ, ಇಬ್ಬರು ಸಣ್ಣ ಮಕ್ಕಳು. ಹಿಂದಿನ ಗೋಡೆಗೆ ಪ್ರತಿ ವರ್ಷ ಬಣ್ಣ ಬಳಿಯುತ್ತಾರೆ.